ಆರು ಡಬ್ಬಿ ನೀಲಿ

"ಖಾಕಿ ಬಟ್ಟೆಗೆ ಯಾರಾದ್ರೂ ನೀಲಿ ಹಾಕ್ತಾರಾ ಮೇಡಂ?"

ಪುಟ್ಟಿಯ ಪ್ರಶ್ನೆಗೆ ರೇಂಜರ್ ಮೇಡಂ ತಲೆ ಎತ್ತಿದರು. ರಾಷ್ಟ್ರೀಯ ಉದ್ಯಾನದ ಆ ಕಚೇರಿಯ ಮೇಜಿನ ಮೇಲೆ ಹದಿನೈದು ವರ್ಷ ಹಳೆಯ ಫೈಲೊಂದು ಬಿಚ್ಚಿಕೊಂಡು ಬಿದ್ದಿತ್ತು. ಕಾಣೆಯಾದ ಫಾರೆಸ್ಟ್ ಗಾರ್ಡ್ ಒಬ್ಬನ ಫೈಲು. ಅದರ ಏಳನೆಯ ಹಾಳೆಯಲ್ಲಿ ಅವನ ಪೆಟ್ಟಿಗೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿ ಇತ್ತು: ಕಂಬಳಿ ಒಂದು, ಸ್ಟೀಲ್ ಲೋಟ ಒಂದು, ಖಾಕಿ ಸಮವಸ್ತ್ರ ಎರಡು ಜೊತೆ, ಬಟ್ಟೆಗೆ ಹಾಕುವ ನೀಲಿ ಪುಡಿಯ ಖಾಲಿ ಡಬ್ಬಿ ಆರು. ಇಷ್ಟು ವರ್ಷದಲ್ಲಿ ಐದು ಜನ ಅಧಿಕಾರಿಗಳು ಆ ಪಟ್ಟಿಗೆ ಸಹಿ ಹಾಕಿದ್ದರು. ಐವರಲ್ಲಿ ಒಬ್ಬರಿಗಾದರೂ ಮನೆಯಲ್ಲಿ ಬಟ್ಟೆ ಒಗೆದು ಅಭ್ಯಾಸವಿದ್ದಿದ್ದರೆ ಆಗಲೇ ಅನುಮಾನ ಬರುತ್ತಿತ್ತು.

"ನೀಲಿ ಹಾಕೋದು ಬಿಳಿ ಬಟ್ಟೆಗೆ, ಹೊಳಪು ಬರಲಿ ಅಂತ. ಅಪ್ಪನ ಹತ್ತಿರ ಬಿಳಿ ಬಟ್ಟೆ ಅಂತ ಇದ್ದಿದ್ದು ಒಂದು ಕರ್ಚೀಫು. ಅದಕ್ಕೆ ಆರು ಡಬ್ಬಿ ಬೇಕಾ? ಕಾಡಲ್ಲಿ ಕೂತು ಏನು ಮಾಡ್ತಿದ್ರು?"

ಪುಟ್ಟಿ ಅನ್ನುವುದು ಅಪ್ಪ ಕರೆಯುತ್ತಿದ್ದ ಹೆಸರು. ಈಗ ಅವಳಿಗೆ ಇಪ್ಪತ್ತೇಳು. ಅಮ್ಮನ ಜೊತೆ ಪೇಟೆಯಲ್ಲಿ ಲಾಂಡ್ರಿ ನಡೆಸುತ್ತಾಳೆ. ಕಲೆ ನೋಡಿದರೆ ಸಾಕು, ಯಾರು ಎಲ್ಲಿ ಏನು ಚೆಲ್ಲಿಕೊಂಡು ಬಂದರು ಎಂದು ಹೇಳಿಬಿಡುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ನೀಲಿಯ ವಿಷಯವನ್ನು ಅವಳು ಮರೆಯುವಂತೆಯೇ ಇರಲಿಲ್ಲ. ಅಪ್ಪ ಕಾಣೆಯಾದ ತಿಂಗಳು ಮನೆಯಲ್ಲಿ ನೀಲಿ ಡಬ್ಬಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಆಟಕ್ಕೆ ತೆಗೆದು ಹಾಳು ಮಾಡಿದ್ದಾಳೆಂದು ಅಮ್ಮ ಹನ್ನೆರಡು ವರ್ಷದ ಪುಟ್ಟಿಯ ಕೆನ್ನೆಗೆ ಬಾರಿಸಿದ್ದಳು. "ನಾನಲ್ಲಮ್ಮ" ಎಂದು ಎಷ್ಟು ಅತ್ತರೂ ನಂಬಿರಲಿಲ್ಲ. ಅದೇ ವಾರ ಅವಳ ಹಳೆಯ ಶಾಲೆಯ ಅಂಗಿಯೂ ಕಾಣೆಯಾಗಿ, ಅದಕ್ಕೂ ಅವಳೇ ಬೈಸಿಕೊಂಡಳು.

"ಫೈಲು ಈ ತಿಂಗಳ ಕೊನೆಗೆ ಮುಚ್ಚಬೇಕಮ್ಮ. ಮೇಲಿನ ಆದೇಶ," ರೇಂಜರ್ ಮೇಡಂ ಮೆಲ್ಲಗೆ ಹೇಳಿದರು. ಕೊನೆಯ ಹಾಳೆಯಲ್ಲಿ ಬರೆಯಬೇಕಾದ ಸಾಲು ಆಗಲೇ ಟೈಪಾಗಿ ಬಂದಿತ್ತು. 'ಹೇಳದೆ ಕೇಳದೆ ಕೆಲಸ ಬಿಟ್ಟು ಓಡಿಹೋದ ನೌಕರ.'

ಆ 'ಓಡಿಹೋದ' ಎಂಬ ಮಾತನ್ನು ಹೊತ್ತುಕೊಂಡೇ ಪುಟ್ಟಿ ದೊಡ್ಡವಳಾಗಿದ್ದಳು. ಅಪ್ಪನ ಬೀಟ್, ಅಂದರೆ ಅವನು ದಿನಾ ಕಾವಲು ನಡೆಯಬೇಕಾದ ದಾರಿ, ಹದಿನಾಲ್ಕು ಕಿಲೋಮೀಟರ್. ಪಶ್ಚಿಮದ ಗುಡಿಸಲಿನಲ್ಲಿ ಬೆಳಿಗ್ಗೆ ಪುಸ್ತಕಕ್ಕೆ ಸಹಿ ಹಾಕಿ ಹೊರಟು, ಸಂಜೆ ಪೂರ್ವದ ಗುಡಿಸಲಿನ ಪುಸ್ತಕಕ್ಕೆ ಸಹಿ ಹಾಕಿದರೆ ಕೆಲಸ ಮುಗಿಯಿತು. ಕಾಣೆಯಾದ ದಿನ ಪೂರ್ವದ ಪುಸ್ತಕದಲ್ಲಿ ಅವನ ಸಹಿ ಇತ್ತು. ಪೂರ್ವದ ಗುಡಿಸಲಿನಿಂದ ಕೂಗಳತೆ ದೂರದಲ್ಲಿ ಡಾಂಬರು ರಸ್ತೆ, ಬಸ್ ಸ್ಟಾಪು. ಇನ್ನೇನು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಹಿ ಹಾಕಿದ, ಬಸ್ ಹತ್ತಿದ, ಯಾವಳ ಜೊತೆಗೋ ಓಡಿಹೋದ ಎಂದು ಊರೆಲ್ಲ ತೀರ್ಮಾನ ಮಾಡಿತು. ಹನ್ನೆರಡು ದಿನ ಹುಡುಕಿದರು, ಎಲ್ಲವೂ ಪೂರ್ವದಲ್ಲೇ.

ಕಚೇರಿಯ ಮೂರನೆಯ ಕುರ್ಚಿಯಲ್ಲಿ ಒಬ್ಬ ಮುದುಕ ತಲೆ ತಗ್ಗಿಸಿ ಕೂತಿದ್ದ. ಅಪ್ಪನ ಜೊತೆ ಅದೇ ಬೀಟಿನಲ್ಲಿ ಜೋಡಿಯಾಗಿ ಇದ್ದವನು. ಪುಟ್ಟಿ ಚಿಕ್ಕಂದಿನಿಂದ ಅವನನ್ನು ಗಾರ್ಡ್ ಮಾಮ ಎಂದೇ ಕರೆದವಳು. ಕಳೆದ ವರ್ಷ ನಿವೃತ್ತನಾದ. ಫೈಲು ಯಾವ ಸಾಲಿನೊಂದಿಗೆ ಮುಚ್ಚುತ್ತದೆ ಎಂದು ಯಾರೋ ಹೇಳಿದ್ದು ಕೇಳಿ, ತಾನಾಗಿ ಕಚೇರಿಗೆ ನಡೆದು ಬಂದು, ಹದಿನೈದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಆ ಬೆಳಿಗ್ಗೆ ಕಕ್ಕಿದ್ದ.

"ಪೂರ್ವದ ಸಹಿ ಅವನದಲ್ಲ. ನಾನು ಹಾಕಿದ್ದು."

ಇಬ್ಬರಿಗೂ ಅದು ದಿನನಿತ್ಯದ ಒಪ್ಪಂದ. ಒಂದು ದಿನ ಒಬ್ಬ ನಡೆದು ಇಬ್ಬರ ಸಹಿಯನ್ನೂ ಹಾಕುವುದು, ಮರುದಿನ ಇನ್ನೊಬ್ಬ. ಎಲ್ಲ ಬೀಟಿನಲ್ಲೂ ಹಾಗೇ ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಆ ದಿನ ಅಪ್ಪ ಹೇಳಿದ್ದು ಇಷ್ಟೇ: 'ನುಂಗುಗುಂಡಿ ಕಡೆ ಹೋಗಿ ಬರ್ತೀನಿ, ನನ್ನದೂ ಒಂದು ಸಹಿ ಗೀಚಿಬಿಡು.' ನುಂಗುಗುಂಡಿ ಇರುವುದು ಪಶ್ಚಿಮದಲ್ಲಿ.

"ಮೊದಲನೇ ದಿನ, ಬಂದೇ ಬರ್ತಾನೆ ಅಂದ್ಕೊಂಡೆ. ಎರಡನೇ ದಿನ ಸಾಹೇಬರು ಪುಸ್ತಕ ನೋಡಿ ಎಲ್ಲಾ ಕಡೆ ಫೋನ್ ಮಾಡಿಬಿಟ್ಟಿದ್ರು. ಆಮೇಲೆ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ ಆಯ್ತು. ಆರನೇ ದಿನ ಕದ್ದು ಹೋಗಿ ಗುಂಡಿ ಹತ್ತಿರ ಕೂಗಿದೆ. ಸದ್ದೇ ಇಲ್ಲ. ಬಿದ್ದು ಸತ್ತ ಅಂತ ನಾನೇ ತೀರ್ಮಾನ ಮಾಡ್ಕೊಂಡೆ ಕಣಮ್ಮ."

ಪುಟ್ಟಿ ಅವನ ಮುಖ ನೋಡಲಿಲ್ಲ. ಅವಳಿಗೆ ಬಂದ ಸಿಟ್ಟಿಗೆ ಆ ಕುರ್ಚಿಯನ್ನೇ ಎತ್ತಿ ಹಾಕಬೇಕೆನಿಸಿತ್ತು. ಆದರೆ ತಲೆಯೊಳಗೆ ನೀಲಿ ಡಬ್ಬಿಗಳು ಉರುಳುತ್ತಿದ್ದವು.

"ನುಂಗುಗುಂಡಿ ಅಂದ್ರೇನು ಮೇಡಂ?"

ರೇಂಜರ್ ಮೇಡಂ ಗೋಡೆಯ ನಕಾಶೆಯ ಮುಂದೆ ನಿಂತರು. ಒಂದು ಹಳ್ಳದ ಗೆರೆ ಬೋಳುಗುಡ್ಡದ ಬುಡದವರೆಗೆ ಬಂದು ಹಠಾತ್ತನೆ ನಿಂತಿತ್ತು. "ಹಳ್ಳ ಇಲ್ಲಿ ಒಂದು ಗುಂಡಿಗೆ ಬೀಳುತ್ತೆ. ಆಮೇಲೆ ಎಲ್ಲಿಗೆ ಹೋಗುತ್ತೋ ಯಾರಿಗೂ ಗೊತ್ತಿಲ್ಲ."

"ಅವನೂ ಅದನ್ನೇ ಕೇಳ್ತಿದ್ದ. ಇಷ್ಟು ನೀರು ಎಲ್ಲಿ ಹೋಗುತ್ತೋ ಅಂತ. ನಿನ್ನ ಹೊಟ್ಟೆಗೆ ಅಂತ ನಾವೆಲ್ಲ ನಗ್ತಿದ್ವಿ," ಗಾರ್ಡ್ ಮಾಮ ಗೊಣಗಿದ.

ಪುಟ್ಟಿ ಎದ್ದು ನಿಂತಳು. "ನೀರಿಗೆ ನೀಲಿ ಹಾಕಿದ್ದಾರೆ! ಈ ಕಡೆ ಹಾಕಿ, ಆ ಕಡೆ ಎಲ್ಲಿ ಬರುತ್ತೆ ಅಂತ ನೋಡೋಕೆ!"

ರೇಂಜರ್ ಮೇಡಂ ಡ್ರಾಯರಿನಿಂದ ಪರವಾನಗಿ ಪುಸ್ತಕ ತೆಗೆದರು. "ಮೂರು ದಿನ ಕೊಡ್ತೀನಿ. ನಾಲ್ಕನೇ ದಿನ ಮಳೆಗಾಲಕ್ಕೆ ಗೇಟು ಹಾಕ್ತೀವಿ. ಒಂದು ಗುರುತು ಸಿಕ್ಕರೂ ಆ ಸಾಲು ನಾನು ಬರೆಯಲ್ಲ. ಸಿಗದಿದ್ರೆ ಬರೆಯಲೇಬೇಕು. ದಾರಿ ಗೊತ್ತಿರೋದು ಇವರೊಬ್ಬರಿಗೇ, ಇವರ ಜೊತೆ ಹೋಗ್ತೀಯಾ?"

"ದಾರಿ ತೋರಿಸಿದ್ರೆ ಸಾಕು. ಮಾತು ಬೇಡ," ಎಂದಳು ಪುಟ್ಟಿ.

ಮರುದಿನ ಬೆಳಿಗ್ಗೆ ಮೂವರು ಹೊರಟರು. ಮೂರನೆಯವನು ಹಲ್ಲಿ, ಪುಟ್ಟಿ ಪೇಟೆಯಿಂದ ಕರೆತಂದ ಪರಿಚಯದ ಹುಡುಗ. ಎತ್ತರದ ಕಟ್ಟಡಗಳ ಗಾಜನ್ನು ಹಗ್ಗದಲ್ಲಿ ನೇತಾಡಿಕೊಂಡು ಒರೆಸುವುದು ಅವನ ಕೆಲಸ, ರಜೆ ಸಿಕ್ಕರೆ ಗುಹೆಗಳಿಗೆ ಇಳಿಯುವುದು ಹವ್ಯಾಸ. ಆ ಹೆಸರು ಬಂದಿದ್ದು ಗೋಡೆಗೆ ಅಂಟಿಕೊಳ್ಳುವ ಗುಣದಿಂದ. ಅವನಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು. ಎರಡು ಹಗ್ಗ, ಮೂರು ಹೆಲ್ಮೆಟ್ಟು, ತಲೆದೀಪಗಳು, ಒಂದು ಬಕೆಟ್ಟು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಪುಟ್ಟಿಯ ಚೀಲದಲ್ಲಿ ಅಂಗಡಿಯ ಕಪಾಟಿನಿಂದ ತಂದ ಆರು ಡಬ್ಬಿ ನೀಲಿ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಾಡಿದವನು ಬೋಳುಗುಡ್ಡವನ್ನು ನೋಡಿಯೇ ಮಾಡಿರಬೇಕು. ಕಚೇರಿಯ ಕಿಟಕಿಯಿಂದ ಬೋಳು ತಲೆಯಂತೆ ಕಾಣುತ್ತಿದ್ದ ಅದು ಹತ್ತಿರ ಬಂದಾಗ ಹಲ್ಲುಹಲ್ಲಾದ ಸುಣ್ಣಕಲ್ಲಿನ ರಾಶಿ. ಕಲ್ಲಿನ ಸಂದುಗಳಲ್ಲಿ ಬೇರು ಇಳಿಬಿಟ್ಟ ಮರಗಳು, ಬೇಸಿಗೆಗೆ ಎಲೆ ಉದುರಿಸಿ ನಿಂತ ಬಿದಿರು, ಕಾಲಿಟ್ಟಲ್ಲಿ ಸರಸರ ಸದ್ದು. ಗಾಳಿ ಇರಲಿಲ್ಲ. ಮರಕುಟಿಗವೊಂದು ಎಲ್ಲೋ ಬಡಿಯುತ್ತ, ಇವರು ನಿಂತಾಗ ತಾನೂ ನಿಲ್ಲಿಸಿ, ನಡೆದಾಗ ಮತ್ತೆ ಶುರು ಮಾಡುತ್ತಿತ್ತು. ಪಶ್ಚಿಮದ ಆಕಾಶದ ಅಂಚಿನಲ್ಲಿ ಮೋಡ ದಿನದಿನಕ್ಕೂ ದಪ್ಪವಾಗುತ್ತಿದ್ದ ಕಾಲ ಅದು.

ಗಾರ್ಡ್ ಮಾಮ ಮುಂದೆ ನಡೆಯುತ್ತಿದ್ದ. ಅರವತ್ತೊಂದರ ಮಂಡಿ ಕಟಕಟ ಅನ್ನುತ್ತಿದ್ದರೂ ದಾರಿ ತಪ್ಪಲಿಲ್ಲ. ಒಮ್ಮೆ ಥಟ್ಟನೆ ಕೈ ಎತ್ತಿದ.

ಹತ್ತು ಮಾರು ಮುಂದೆ ಕಾಡುಹಂದಿ. ಹಿಂದೆ ಏಳು ಮರಿ.

"ಓಡಬೇಡಿ. ಕಣ್ಣು ನೋಡಬೇಡಿ. ಹಿಂದಕ್ಕೆ, ಒಂದೊಂದೇ ಹೆಜ್ಜೆ."

ಹಂದಿ ಮೂಸಿತು. ನೆಲ ಕೆರೆಯಿತು. ಹಲ್ಲಿ ಆಗಲೇ ಮರ ಹತ್ತಿಯಾಗಿತ್ತು. ಯಾವಾಗ ಹತ್ತಿದನೋ ಯಾರೂ ನೋಡಲಿಲ್ಲ. ಕೊನೆಗೆ ತಾಯಿಹಂದಿ ಗುಟುರು ಹಾಕಿ ಮರಿಗಳನ್ನು ಕರೆದುಕೊಂಡು ಪೊದೆಗೆ ನುಗ್ಗಿತು.

"ಹೆಸರು ಸರಿಯಾಗೇ ಇಟ್ಟಿದ್ದಾರೆ," ಎಂದು ಪುಟ್ಟಿ ಮೇಲಕ್ಕೆ ನೋಡಿದಳು. ಹಲ್ಲಿ ಹಲ್ಲು ಕಿರಿದ. ಗಾರ್ಡ್ ಮಾಮನೂ ನಗಲು ಹೋಗಿ, ತನಗೆ ಆ ಹಕ್ಕಿಲ್ಲವೆಂದು ನೆನಪಾದವನಂತೆ ಸುಮ್ಮನಾದ.

ಮಧ್ಯಾಹ್ನ ಮೂರಕ್ಕೆ ನುಂಗುಗುಂಡಿ ಸಿಕ್ಕಿತು. ದೊಡ್ಡ ಮರವೊಂದರ ಬೇರುಗಳ ನಡುವೆ ಬಾವಿಯಷ್ಟು ಅಗಲದ ಬಾಯಿ. ಬೇಸಿಗೆಯ ಹಳ್ಳ ಸಣ್ಣಗೆ ಹರಿದು ಬಂದು ಅದರೊಳಗೆ ಗಳಗಳನೆ ಬಿದ್ದು ಕತ್ತಲಲ್ಲಿ ಮಾಯವಾಗುತ್ತಿತ್ತು. ಹಲ್ಲಿ ಹಗ್ಗ ಕಟ್ಟಿ ಇಳಿದು, ಹತ್ತೇ ನಿಮಿಷದಲ್ಲಿ ಮೇಲೆ ಬಂದ.

"ಮೂವತ್ತಡಿ ಕೆಳಗೆ ಬರೀ ಕಲ್ಲುಬಿರುಕು ಅಕ್ಕ. ನೀರು ನುಗ್ಗುತ್ತೆ, ಬೆಕ್ಕು ನುಗ್ಗಲ್ಲ. ಮನುಷ್ಯ ಬಿದ್ದಿದ್ರೆ ಅಲ್ಲೇ ಇರ್ತಿದ್ದ. ಏನೂ ಇಲ್ಲ."

ಗಾರ್ಡ್ ಮಾಮ ನೆಲಕ್ಕೆ ಕುಸಿದು ಕೂತ. ಹದಿನೈದು ವರ್ಷ ಅವನು ಆ ಗುಂಡಿಯಲ್ಲೇ ಗೆಳೆಯನನ್ನು ಹೂತಿಟ್ಟಿದ್ದ.

ಪುಟ್ಟಿ ಡಬ್ಬಿಗಳ ಮುಚ್ಚಳ ತೆಗೆದಳು. ಒಂದೊಂದನ್ನೇ ಬಕೆಟ್ಟಿನಲ್ಲಿ ಗಂಟಿಲ್ಲದಂತೆ ಕದಡಿ ಹಳ್ಳಕ್ಕೆ ಸುರಿದಳು. ನೀರು ಒಂದು ಕ್ಷಣ ಗಾಢ ನೀಲಿಯಾಗಿ, ಹೊಳೆದು, ಗುಂಡಿಯ ಬಾಯಿಗೆ ಜಾರಿ ಹೋಯಿತು. ಅಪ್ಪನೂ ಇದೇ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಮಕ್ಕಳ ಹಾಗೆ ಬಗ್ಗಿ ನೋಡಿರಬೇಕು. ಅವಳಿಗೆ ಅಳುವ ಬದಲು ನಗು ಬಂತು.

"ಗುಡ್ಡದ ಆಚೆ ಒರತೆ ಎಷ್ಟಿವೆ?" ಎರಡು ದಿನದಲ್ಲಿ ಅವಳು ಗಾರ್ಡ್ ಮಾಮನನ್ನು ನೇರವಾಗಿ ಕೇಳಿದ ಮೊದಲ ಮಾತು ಅದು.

"ಮೂರು. ಬೇಸಿಗೇಲಿ ಪ್ರಾಣಿಗಳು ಬರ್ತವೆ ಅಂತ ಎಣಿಸಿದ್ವಿ."

ಆ ರಾತ್ರಿಯನ್ನು ಪಶ್ಚಿಮದ ಗುಡಿಸಲಿನಲ್ಲಿ ಕಳೆದು, ಬೆಳಕು ಹರಿಯುತ್ತಲೇ ಬೋಳುಗುಡ್ಡ ಹತ್ತಿದರು. ಕಲ್ಲು ಚೂಪು, ಬಿಸಿಲು ಚುರುಕು. ಹತ್ತು ಗಂಟೆಗೆ ಮೊದಲ ಒರತೆ. ನೀರು ತಿಳಿಯಾಗಿತ್ತು.

"ಇಲ್ಲ ಅಲ್ವಾ?" ಎಂದ ಹಲ್ಲಿ.

"ಕಣ್ಣಿಗೆ ಕಾಣಲ್ಲ. ಅಷ್ಟು ನೀರಿಗೆ ಇಷ್ಟು ನೀಲಿ ಎಲ್ಲಿ ಕಾಣುತ್ತೆ?" ಪುಟ್ಟಿ ಬಿಳಿ ಬಟ್ಟೆಯ ಚೂರೊಂದನ್ನು ಹರಿವಿನಲ್ಲಿ ಹಿಡಿದು, ಹಿಂಡಿ, ಒಣ ಚೂರಿನ ಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಬಿಳಿ. "ಇದಲ್ಲ."

ಎರಡನೆಯ ಒರತೆಯಲ್ಲೂ ಇಲ್ಲ. ಆದರೆ ಅಲ್ಲಿ ಬೇರಿಗೆ ಸುತ್ತಿಕೊಂಡಿದ್ದ ಏನನ್ನೋ ಹಲ್ಲಿ ಎಳೆದ. ಕೆಸರುಬಣ್ಣಕ್ಕೆ ತಿರುಗಿದ, ಬೆರಳಗಲದ ಒಂದು ಪಟ್ಟಿ ಬಟ್ಟೆ. ಪುಟ್ಟಿ ಅದನ್ನು ತಿಕ್ಕಿ ತೊಳೆದು ಬಿಸಿಲಿಗೆ ಹಿಡಿದಳು.

"ಟೆರಿಕಾಟ್. ಹತ್ತಿ ಆಗಿದ್ರೆ ಯಾವತ್ತೋ ಕೊಳೆತು ಹೋಗ್ತಿತ್ತು," ಎಂದವಳು ಅಂಚಿನ ಹೊಲಿಗೆ ನೋಡಿ ಮಾತು ನಿಲ್ಲಿಸಿದಳು. ಮಡಚಿದ ಅಂಚಿಗೆ ಎರಡು ಸಾಲು ಹೊಲಿಗೆ, ಒಂದು ಹತ್ತಿರ, ಒಂದು ದೂರ. ಹುಡುಗಿ ಬೆಳೆದಂತೆ ಬಿಚ್ಚಿ ಉದ್ದ ಮಾಡಲೆಂದು ಹಾಗೆ ಹೊಲಿಯುತ್ತಿದ್ದವಳು ಅವಳ ಅಮ್ಮ. "ನನ್ನ ಸ್ಕೂಲಿನ ಅಂಗಿ ಇದು. ನೀಲಿ ಬರುತ್ತಾ ನೋಡೋಕೆ ಅಪ್ಪ ಕಟ್ಟಿದ್ದು."

ಮೂವರೂ ಬಹುತೇಕ ಓಡಿದರು. ಮೂರನೆಯ ಒರತೆ ಇದ್ದದ್ದು ಗುಡ್ಡದ ಬೆನ್ನಿನ ಆಳವಾದ ಕಣಿವೆಯಲ್ಲಿ, ಛಾವಣಿಯಂತೆ ಚಾಚಿದ ಬಂಡೆಯ ಅಡಿ. ಕಾಲು ಗಂಟೆಗೊಮ್ಮೆ ಪುಟ್ಟಿ ಬಟ್ಟೆ ಅದ್ದಿದಳು. ಬಿಳಿ. ಬಿಳಿ. ಬಿಳಿ. ಗಂಟೆ ಒಂದು ದಾಟಿತು. ಐದನೆಯ ಸಲ ಹಿಂಡಿ ನೋಡಿದಾಗ ಮಡಿಕೆಗಳ ಸಂದಿಯಲ್ಲಿ ತೆಳುವಾದ ಒಂದು ನೀಲಿ ನಿಂತಿತ್ತು.

"ಬಂತು!" ಎಂದು ಅವಳು ಕಿರುಚಿದ್ದಕ್ಕೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಹಲ್ಲಿ ಕುಣಿದ. ಗುಡ್ಡದ ಹೊಟ್ಟೆಯನ್ನು ಸೀಳಿಕೊಂಡು ಬಂದ ನೀರು ಅವಳ ಬೆರಳುಗಳ ನಡುವೆ ಹರಿಯುತ್ತಿತ್ತು. ಆ ಕ್ಷಣಕ್ಕೆ ಅವಳು ಏನನ್ನು ಹುಡುಕಿಕೊಂಡು ಬಂದಿದ್ದಳೆಂಬುದೇ ಮರೆತುಹೋಯಿತು. ಅಪ್ಪನಿಗೂ ಹಾಗೇ ಆಗಿರಬೇಕು.

ನೀರು ಬರುತ್ತಿದ್ದ ಬಿರುಕು ಮಂಚದ ಕೆಳಗಿನಷ್ಟು ಎತ್ತರ. ಹಲ್ಲಿ ಮೊದಲು ನುಸುಳಿದ. "ಯಜಮಾನ್ರೇ, ನೀವು ಹೊರಗಿರಿ," ಎಂದ.

"ಅವನು ನನ್ನ ಜೋಡಿ," ಎಂದ ಗಾರ್ಡ್ ಮಾಮ. ಪುಟ್ಟಿ ಒಂದು ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟಳು.

ಇಪ್ಪತ್ತಡಿ ಹೊಟ್ಟೆಯ ಮೇಲೆ ತೆವಳಿದ ಮೇಲೆ ನಿಲ್ಲುವಷ್ಟು ಜಾಗ ಸಿಕ್ಕಿತು. ತಲೆದೀಪದ ಬೆಳಕಿಗೆ ಸುಣ್ಣದ ಕಡ್ಡಿಗಳು ಮೇಲಿನಿಂದ ಇಳಿಬಿದ್ದಿದ್ದವು, ಕೆಲವು ಬೆರಳಷ್ಟು, ಕೆಲವು ತೊಡೆಯಷ್ಟು. ಒಂದೊಂದರ ತುದಿಯಲ್ಲೂ ಒಂದು ಹನಿ. ಗೋಡೆ ಒದ್ದೆಯಾಗಿ ಮಿನುಗುತ್ತಿತ್ತು. ಕುರುಡು ಮೀನಿನ ಮರಿಗಳು ಬೆಳಕು ಬಿದ್ದದ್ದೂ ಗೊತ್ತಾಗದೆ ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಇಷ್ಟು ಚೆಂದದ್ದು ಹೊರಗಿನವರಿಗೆ ಗೊತ್ತಿಲ್ಲದೆ ಗುಡ್ಡದ ಕೆಳಗೆ ಇತ್ತು ಎಂಬುದೇ ಪುಟ್ಟಿಗೆ ಸೋಜಿಗ.

"ಅಕ್ಕ, ಇಲ್ಲಿ."

ನೆರೆಯ ನೀರು ಮುಟ್ಟದ ಎತ್ತರದ ಒಂದು ಕಲ್ಲಿನ ಕಟ್ಟೆಯ ಮೇಲೆ ಜೋಡಿ ಬೂಟು. ಒಂದರ ಪಕ್ಕ ಒಂದು, ಹಿಮ್ಮಡಿ ಸಮ ಮಾಡಿ, ಕಾಲುಚೀಲ ಸುತ್ತಿ ಒಳಗೆ ತುರುಕಿ ಇಟ್ಟದ್ದು. ಮನೆಯ ಬಾಗಿಲಲ್ಲೂ ಅಪ್ಪ ಹೀಗೇ ಇಡುತ್ತಿದ್ದ. ಪುಟ್ಟಿ ಬೂಟು ಮುಟ್ಟಿದಳು.

ಬೂಟು ಬಿಚ್ಚಿದ್ದೇಕೆ ಎಂಬುದು ಮುಂದೆಯೇ ಇತ್ತು: ಎದೆಮಟ್ಟದ ಒಂದು ಮಡು, ಅದರ ಮೇಲೆ ತಗ್ಗಾದ ಛಾವಣಿ. ಹಲ್ಲಿ ಹಗ್ಗ ಕಟ್ಟಿಕೊಂಡು ದಾಟಿ, ಆಚೆ ಬಿಗಿದ. ಇಬ್ಬರೂ ಹಗ್ಗ ಹಿಡಿದು ತಣ್ಣೀರಿನಲ್ಲಿ ದಾಟಿದರು. ಆಚೆ ದೊಡ್ಡ ಕೋಣೆ, ಒಂದು ಕಡಿದಾದ ಗೋಡೆ, ಗೋಡೆಯ ಮಧ್ಯದಲ್ಲಿ ಆಳೆತ್ತರದ ಮೇಲೆ ಒಂದು ಜಗಲಿ.

ಅಪ್ಪ ಜಗಲಿಯ ಮೇಲಿದ್ದ. ಗೋಡೆಗೆ ಒರಗಿ ಕೂತಂತೆ ಮೂಳೆಗಳು, ಖಾಕಿಯ ಚಿಂದಿ, ಬೆಲ್ಟಿನ ಹಿತ್ತಾಳೆ ಬಿಲ್ಲೆಯ ಮೇಲೆ ನಂಬರು. ಎಡಗಾಲಿನ ಮೂಳೆ ಎರಡು ತುಂಡು. ಪಕ್ಕದಲ್ಲಿ ಸ್ಟೀಲಿನ ಊಟದ ಡಬ್ಬಿ, ಬಿಗಿಯಾಗಿ ಮುಚ್ಚಿದ್ದು.

ಹಲ್ಲಿಯ ಕೈ ಹಿಡಿದು ಇಬ್ಬರೂ ಹತ್ತಿದರು. ಪುಟ್ಟಿ ಅಪ್ಪನ ಪಕ್ಕ ಕೂತಳು. "ಓಡಿಹೋಗಿಲ್ಲ," ಎಂದಳು, ಒಮ್ಮೆ. ಆಮೇಲೆ ಜೋರಾಗಿ ಅತ್ತಳು. ಆ ಅಳು ಗುಹೆಯ ಮೂಲೆಮೂಲೆಗೆ ಹೋಗಿ ವಾಪಸು ಬಂತು.

ಡಬ್ಬಿಯೊಳಗೆ ನೀಲಿಯಾದ ಬಟ್ಟೆಯ ಪಟ್ಟಿಯೊಂದು, ಒಂದು ಸಣ್ಣ ಪುಸ್ತಕ. ಸೀಸದ ಕಡ್ಡಿಯ ಬರಹ ಅಳಿಸಿರಲಿಲ್ಲ. ಅವಳು ಓದಿದಳು.

'ಒಂದು ಡಬ್ಬಿ ಹಾಕಿದೆ. ಏನೂ ಕಾಣಲಿಲ್ಲ.'

'ಎರಡು ಡಬ್ಬಿ. ಇಲ್ಲ.'

'ಮೂರು ಡಬ್ಬಿ. ಮೂರನೇ ಒರತೆಯಲ್ಲಿ ಪುಟ್ಟಿಯ ಅಂಗಿಚೂರು ನೀಲಿ ಆಯಿತು! ಇಪ್ಪತ್ತೆರಡು ಗಂಟೆ. ಒಳಗೆ ಹೋಗಿ ನೋಡುತ್ತೇನೆ. ಪುಟ್ಟಿಗೆ ತೋರಿಸಬೇಕು.'

ಮುಂದಿನ ಹಾಳೆಯ ಅಕ್ಷರ ಸೊಟ್ಟವಾಗಿತ್ತು. ಅವಳು ಅದನ್ನು ಮನಸ್ಸಿನಲ್ಲೇ ಓದಿದಳು. ಓದಿ, ಗಾರ್ಡ್ ಮಾಮನ ಕಡೆ ನೋಡಿದಳು. ಮುಚ್ಚಿಡಬಹುದಿತ್ತು. ಆದರೆ ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು. ಪುಸ್ತಕವನ್ನು ಅವನ ಕೈಗೆ ಕೊಟ್ಟಳು.

'ಗೋಡೆಯಿಂದ ಜಾರಿದೆ. ಕಾಲು ಮುರಿದಿದೆ. ಮಳೆ ಬಂದು ದಾರಿಗೆ ನೀರು ತುಂಬಿದೆ.'

'ಎರಡನೇ ದಿನ. ಈ ಕಡೆ ಬಂದದ್ದು ನನ್ನ ಜೋಡಿಗೆ ಗೊತ್ತು. ಬರುತ್ತಾನೆ.'

'ಮೂರನೇ ದಿನ. ನೀರು ಇಳಿದಿದೆ. ನನಗೆ ಇಳಿಯಲು ಆಗುತ್ತಿಲ್ಲ. ಬರುತ್ತಾನೆ.'

'ನಾಲ್ಕನೇ ದಿನ.' ಅದರ ಮುಂದೆ ಖಾಲಿ.

ಗಾರ್ಡ್ ಮಾಮ ಪುಸ್ತಕ ಮುಚ್ಚಿದ.

ಆಗ ಹಲ್ಲಿ ಕೂಗಿದ. "ಅಕ್ಕ! ನೀರು ನೋಡಿ!"

ತಿಳಿನೀರು ಕೆಂಪಾಗುತ್ತಿತ್ತು. ಒಣಗಿದ ಎಲೆಗಳು ತೇಲಿ ಬಂದವು.

"ಮೇಲೆ ಮಳೆ! ಮಡು ಮುಚ್ಚೋಕೆ ಮುಂಚೆ ದಾಟಬೇಕು. ಎದ್ದೇಳಿ!"

ಹಲ್ಲಿ ಧುಮುಕಿ ಹಗ್ಗ ಬಿಗಿ ಮಾಡಿದ. ಪುಟ್ಟಿ ಬಿಲ್ಲೆಯನ್ನೂ ಪುಸ್ತಕವನ್ನೂ ಡಬ್ಬಿಗೆ ಹಾಕಿ ಸೊಂಟಕ್ಕೆ ಕಟ್ಟಿದಳು. ಗಾರ್ಡ್ ಮಾಮ ಏಳಲಿಲ್ಲ.

"ಮಾಮ, ಬನ್ನಿ."

"ನೀನು ಹೋಗಮ್ಮ. ನಾಲ್ಕು ದಿನ ಕಾದಿದ್ದಾನೆ ನನಗೆ. ನಾನು ಇಲ್ಲೇ ಇರ್ತೀನಿ."

ನೀರಿನ ಸದ್ದು ಬದಲಾಯಿತು. ಈಗ ಅದು ಗುಡುಗುತ್ತಿತ್ತು.

ಪುಟ್ಟಿ ಅವನ ಅಂಗಿಯ ಕೊರಳು ಹಿಡಿದಳು. ಒದ್ದೆ ಕಂಬಳಿ ಹಿಂಡಿ ಗಟ್ಟಿಯಾದ ಕೈ ಅದು. "ಇಲ್ಲಿ ಒಬ್ಬರನ್ನ ಬಿಟ್ಟು ಹೋಗಿದ್ದು ಸಾಕು. ಅಮ್ಮನ ಮುಂದೆ ನಿಂತು ಹೇಳೋರು ಯಾರು? ನಾನು ಹೇಳಲ್ಲ. ನೀವೇ ಹೇಳಬೇಕು. ಏಳಿ!"

ಅವನು ಎದ್ದ.

ಮಡುವಿನಲ್ಲಿ ನೀರು ಕುತ್ತಿಗೆಗೆ ಬಂದಿತ್ತು. ಅರ್ಧ ದಾಟುವಷ್ಟರಲ್ಲಿ ಗಲ್ಲಕ್ಕೆ. ಹೆಲ್ಮೆಟ್ಟು ಛಾವಣಿಗೆ ತಾಗಿತು.

"ಮುಖ ಮೇಲೆ! ಮೂಗು ಕಲ್ಲಿಗೆ! ಹಗ್ಗ ಬಿಡಬೇಡಿ!" ಹಲ್ಲಿಯ ದನಿ ಎಲ್ಲಿಂದಲೋ ಬಂತು.

ಮಾಮನ ಮಂಡಿ ಕೈಕೊಟ್ಟಿತು. ಮುಳುಗಿದ. ಪುಟ್ಟಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅವನ ಬೆಲ್ಟು ಹಿಡಿದು ಎಳೆದಳು. ನೀರು ಬಾಯಿಗೆ ಹೋಯಿತು. ಮತ್ತೆ ಎಳೆದಳು. ಹಲ್ಲಿ ಆ ಕಡೆಯಿಂದ ಇಬ್ಬರನ್ನೂ ಸೇರಿಸಿ ಜಗ್ಗಿದ. ಕಟ್ಟೆಯ ಮೇಲೆ ಬೂಟಿನ ಪಕ್ಕ ಬಂದು ಬಿದ್ದರು.

ಉಸಿರಿಗೆ ನಿಲ್ಲಲಿಲ್ಲ. ಬೂಟುಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಹೊಟ್ಟೆಯ ಮೇಲೆ, ಬೆನ್ನ ಮೇಲೆ ನೀರು ಹ‌ರಿಸಿಕೊಂಡು ತೆವಳಿದರು. ಮೊದಲು ಹಲ್ಲಿ, ಆಮೇಲೆ ಮಾಮ, ಕೊನೆಗೆ ಪುಟ್ಟಿ ಹೊರಬಿದ್ದಳು. ಸಂಜೆ ನಾಲ್ಕರ ಮಳೆ ಧೋ ಎಂದು ಸುರಿಯುತ್ತಿತ್ತು. ಹಿಂದೆ ತಿರುಗಿ ನೋಡಿದಾಗ ಬಿರುಕು ಬಾಯಿತುಂಬ ಕೆಂಪುನೀರು ಉಗುಳುತ್ತಿತ್ತು.

ಮೂವರೂ ಬಂಡೆಯ ಕೆಳಗೆ ನಡುಗುತ್ತ ಕೂತರು. ಗಾರ್ಡ್ ಮಾಮ ಕೇಳಿದ, "ನನ್ನನ್ನ ಯಾಕೆ ಎಳೆದೆ?"

"ಗೊತ್ತಿಲ್ಲ. ಸಿಟ್ಟು ಇನ್ನೂ ಇದೆ," ಎಂದಳು ಪುಟ್ಟಿ. ಚೀಲದಲ್ಲಿ ನೆನೆಯದೆ ಉಳಿದ ಒಂದೇ ಮೊಟ್ಟೆಯನ್ನು ಮೂರು ಭಾಗ ಮಾಡಿ ಕೊಟ್ಟಳು.

ಮಳೆ ಆ ರಾತ್ರಿಯೇ ನಿಂತಿತು. ಮೂರನೆಯ ದಿನ ಮಧ್ಯಾಹ್ನಕ್ಕೆ ನೀರು ಇಳಿದಾಗ ಹಲ್ಲಿ ಮತ್ತು ಸುದ್ದಿ ತಿಳಿದು ಬಂದ ನಾಲ್ವರು ಗಾರ್ಡುಗಳು ಮತ್ತೆ ಒಳಗೆ ಹೋಗಿ ಅಪ್ಪನನ್ನು ಹೊರಗೆ ತಂದರು. ಸುತ್ತಿ ತರಲು ಪುಟ್ಟಿ ಪೇಟೆಯಿಂದ ತರಿಸಿ ಕೊಟ್ಟ ಬಿಳಿ ಹಾಸು ಇತ್ತು. ಅವರು ದಾಟಿದ ಮೇಲೆ ಮಳೆಗಾಲಕ್ಕೆ ಗೇಟು ಹಾಕಿದರು.

ಕಚೇರಿಯಲ್ಲಿ ಗಾರ್ಡ್ ಮಾಮ ಪೂರ್ವದ ಗುಡಿಸಲಿನ ಹಳೆಯ ಪುಸ್ತಕ ಕೇಳಿ ಪಡೆದ. ಆ ದಿನದ ಹಾಳೆ ಹುಡುಕಿ, ಗೆಳೆಯನ ಹೆಸರಿನ ಮುಂದಿನ ಸಹಿಯ ಮೇಲೆ ಗೆರೆ ಎಳೆದ. 'ಇದನ್ನು ಹಾಕಿದವನು ನಾನು' ಎಂದು ಬರೆದು ತನ್ನ ಸಹಿ ಹಾಕಿದ. ರೇಂಜರ್ ಮೇಡಂ ಟೈಪಾಗಿದ್ದ ಸಾಲನ್ನು ಹೊಡೆದುಹಾಕಿ, 'ಬೀಟಿನ ನೀರಿನ ದಾರಿ ಪತ್ತೆ ಮಾಡುವಾಗ ಮರಣ' ಎಂದು ಬರೆದರು. ಆಮೇಲೆ ಕುರ್ಚಿ ಹತ್ತಿ, ಗೋಡೆಯ ನಕಾಶೆಯಲ್ಲಿ ನಿಂತುಹೋಗಿದ್ದ ಹಳ್ಳದ ಗೆರೆಯನ್ನು ಚುಕ್ಕೆಚುಕ್ಕೆಯಾಗಿ ಮೂರನೆಯ ಒರತೆಯವರೆಗೆ ಎಳೆದರು. ಹಲ್ಲಿ ಕೆಳಗೆ ನಿಂತು "ಸ್ವಲ್ಪ ಎಡಕ್ಕೆ ಮೇಡಂ" ಎಂದು ತಿದ್ದುತ್ತಿದ್ದ.

ಅಮ್ಮ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಗಾರ್ಡ್ ಮಾಮ ಬಾಗಿಲ ಬಳಿ ನಿಂತೇ ಎಲ್ಲವನ್ನೂ ಹೇಳಿದ. ಯಾವುದನ್ನೂ ಬಿಡಲಿಲ್ಲ, ನಾಲ್ಕು ದಿನದ್ದನ್ನೂ. ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದಳು.

"ಹದಿನೈದು ವರ್ಷ ನಾನು ಆ ಬಸ್ಸಿಗೆ ಶಾಪ ಹಾಕಿದ್ದೀನಿ," ಎಂದಳು ಕೊನೆಗೆ. "ನೀವು ಈಗ ಹೋಗಿ. ನಾಳೆ ಮಣ್ಣಿಗೆ ಬನ್ನಿ. ಅವರನ್ನ ಹೊರೋಕೆ ಜೋಡಿ ಬೇಕಲ್ಲ."

ಅವನು ಹೋದ ಮೇಲೆ ಪುಟ್ಟಿ ಊಟದ ಡಬ್ಬಿ ತೆರೆದು ನೀಲಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ಅಮ್ಮ ಅಂಚಿನ ಎರಡು ಸಾಲು ಹೊಲಿಗೆಯ ಮೇಲೆ ಬೆರಳಾಡಿಸಿದಳು. ತನ್ನದೇ ಕೈ. ತಲೆ ಎತ್ತಿ ಮಗಳನ್ನು ನೋಡಿದಳು. ಅವತ್ತು ಹೊಡೆದಿದ್ದ ಕೆನ್ನೆಯನ್ನೇ ಹುಡುಕಿ, ಅಂಗೈಯಿಂದ ಮುಚ್ಚಿದಳು. ಇಸ್ತ್ರಿಯ ಬಿಸಿ ಇನ್ನೂ ಆ ಕೈಯಲ್ಲಿತ್ತು.

"ಅವರೇ ತಗೊಂಡಿದ್ದಾ?"

"ಹೂಂ ಅಮ್ಮ. ಆರು ಡಬ್ಬಿ."

ಅಮ್ಮನ ಕಣ್ಣು ತುಂಬಿ ಹರಿಯಿತು, ಅದರ ನಡುವೆಯೇ ನಗುವೂ ಬಂತು. ಎಷ್ಟೋ ವರ್ಷದ ನಂತರ ಅವಳು ಅವನನ್ನು ಪಕ್ಕದ ಕೋಣೆಯಲ್ಲಿರುವವನಿಗೆ ಬೈಯುವಂತೆ ಬೈದಳು.

"ಕದಿಯೋದು ಯಾಕೆ ಬೇಕಿತ್ತು? ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲ."